ಹುಲ್ಲಿನ ಮೇಲೆ ಬಿದ್ದ ಕೋಲು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲ. ಇಬ್ಬರು ಕುರುಬರಿದ್ದರು. ಇಬ್ಬರಿಗೂ ಸೇರಿ ಒಂದೇ ಮಂದೆ, ಒಂದೇ ಕೋಲು. ಕೋಲು ಯಾರ ಕೈಯಲ್ಲಿದೆಯೋ ಮಂದೆ ಅವನ ಹೊಣೆ. ಇನ್ನೊಬ್ಬ ಆ ಹೊತ್ತು ಮಲಗಬಹುದು, ಕೊಳಲೂದಬಹುದು, ಸಂತೆಯಲ್ಲಿ ಕಂಡವಳನ್ನು ನೆನೆದು ಒಬ್ಬನೇ ನಗಬಹುದು. ಒಂದು ಮಧ್ಯಾಹ್ನ ಬಿಸಿಲಿಗೆ ಮೊದಲನೆಯವನಿಗೆ ಜೋಂಪು ಹತ್ತಿತು. ಎದ್ದು ಅಷ್ಟು ದೂರ ಹೋಗಿ ಕೊಡುವುದಕ್ಕೆ ಮೈ ಬಗ್ಗಲಿಲ್ಲ. ಕೂತಲ್ಲಿಂದಲೇ ಕೂಗಿದ: ತಗೊಂಡೆಯಾ? ಆಚೆ ಮರದಡಿ ಮಲಗಿದ್ದವನು ಕಣ್ಣು ತೆರೆಯದೆಯೇ ಕೂಗಿದ: ತಗೊಂಡೆ. ಕೋಲು ಇಬ್ಬರ ನಡುವೆ ಹುಲ್ಲಿನ ಮೇಲೆ ಬಿದ್ದಿತ್ತು. ತೋಳ ಅದನ್ನು ದಾಟಿಕೊಂಡು ಬಂತು.

ಕಥೆ ಇಲ್ಲಿಗೆ ಬಂದಾಗ ಸ್ನೆಜಿನಾಳ ಅಜ್ಜಿ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸುತ್ತಿದ್ದಳು. ತಪ್ಪು ಯಾರದಜ್ಜಿ ಎಂದು ಕೇಳಿದರೆ, "ಮೊದಲು ಉಣ್ಣು" ಎಂದು ತಟ್ಟೆ ಮುಂದಕ್ಕೆ ತಳ್ಳುತ್ತಿದ್ದಳು. ರೊಟ್ಟಿ ಕೊಡುವಾಗಲೂ ಅಷ್ಟೆ, ಬೀಗದ ಕೈ ಕೊಡುವಾಗಲೂ ಅಷ್ಟೆ. ಎದುರಿನವರ ಹಿಡಿತ ತನ್ನ ಬೆರಳಿಗೆ ತಾಗುವವರೆಗೂ ಬಿಡುತ್ತಿರಲಿಲ್ಲ. ಒಂದು ಗಳಿಗೆ ಇಬ್ಬರೂ ಹಿಡಿದಿರಬೇಕು ಕಣೇ, ಎನ್ನುತ್ತಿದ್ದಳು.

ಸೆಪ್ಟೆಂಬರ್ ಮೂರರ ಬೆಳಿಗ್ಗೆ ಸ್ನೆಜಿನಾ ಪಾಳಿಗೆಂದು ವಿಮಾನ ನಿಲ್ದಾಣದ ಟವರಿನ ಸುತ್ತುಮೆಟ್ಟಿಲು ಹತ್ತುವಾಗ ಆ ತೋಳ ಹಿಂದೆಯೇ ಹತ್ತಿ ಬರುತ್ತಿದ್ದಂತಿತ್ತು. ಕೈಚೀಲದಲ್ಲಿ ಒಂದು ಹಾಳೆ. ಆಗಸ್ಟ್ ನಾಲ್ಕರ ಮಧ್ಯಾಹ್ನದ ಧ್ವನಿಮುದ್ರಿಕೆಯನ್ನು ಅಳಿಸದೆ ತೆಗೆದಿಡಬೇಕೆಂದು ಕೋರುವ ನಾಲ್ಕು ಸಾಲು. ಬರೆದು ಹದಿನೆಂಟು ದಿನವಾಗಿತ್ತು. ಮಡಿಕೆ ಬಿದ್ದ ಕಡೆ ಕಾಗದ ಸವೆದು ಬೆಳಕು ಬಿಡುತ್ತಿತ್ತು. ಮೇಲೆ ಮೈಕಿನಲ್ಲಿ ಆಡಿದ ಮಾತೆಲ್ಲ ಕೆಳಗಿನ ಒಂದು ಕೋಣೆಯ ಯಂತ್ರದಲ್ಲಿ ಮೂವತ್ತು ದಿನ ಬದುಕಿರುತ್ತದೆ, ಆಮೇಲೆ ಅದರ ಮೇಲೆಯೇ ಹೊಸ ಮಾತು ಬಂದು ಕೂರುತ್ತದೆ. ಇವತ್ತು ಮೂವತ್ತನೆಯ ದಿನ. ಕೆಳಗಿನ ಕಚೇರಿ ನಾಲ್ಕಕ್ಕೆ ಬಾಗಿಲು ಹಾಕುತ್ತದೆ. ಅವಳ ಮನಸ್ಸಿನ ಒಂದು ಮೂಲೆ, ನಾಚಿಕೆಯಿಲ್ಲದ ಒಂದು ಮೂಲೆ, ಆ ನಾಲ್ಕು ಗಂಟೆ ತನ್ನಷ್ಟಕ್ಕೆ ತಾನೇ ಕಳೆದುಹೋಗಲಿ ಎಂದು ಕಾಯುತ್ತಿತ್ತು.

ಮೇಲೆ ಪಾಳಿಯ ಮುಖ್ಯಸ್ಥ ವೆಲಿಚ್ಕೊ ಸೂರ್ಯಕಾಂತಿ ಬೀಜ ಕಚ್ಚುತ್ತ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದ. "ಬಾರಮ್ಮ ಬಾ, ನಮ್ಮ ನಿರ್ದೋಷಿ," ಎಂದ. ಅದು ಪ್ರೀತಿಯ ಮಾತು. ವಿಚಾರಣಾ ಸಮಿತಿಯವರು ಅವಳ ಮೇಲೆ ತಪ್ಪಿಲ್ಲವೆಂದು ಮೈಕು ಮರಳಿ ಕೊಟ್ಟು ಐದು ದಿನವಾಗಿತ್ತು. ಐದೂ ದಿನ ಅವನು ಹಾಗೆಯೇ ಕರೆದಿದ್ದ. ಅವಳು ನಕ್ಕಳು. ಐದೂ ದಿನ ನಕ್ಕಿದ್ದಳು. ಹೆಡ್‌ಫೋನಿನ ಸ್ಪಂಜು ಹಿಂದಿನ ಪಾಳಿಯವನ ಕಿವಿಯಿಂದ ಇನ್ನೂ ಬೆಚ್ಚಗಿತ್ತು. ಗಾಜಿನಾಚೆ ಸಮುದ್ರ, ಮರಳ ದಂಡೆ, ಮಡಚಿಟ್ಟ ಕೊಡೆಗಳು, ಋತು ಮುಗಿಯುತ್ತ ಬಂದರೂ ಮನೆಗೆ ಹೋಗಲೊಲ್ಲದ ಒಂದಷ್ಟು ಬೆತ್ತಲೆ ಬೆನ್ನುಗಳು. ದಂಡೆಯುದ್ದಕ್ಕೂ ತಗ್ಗಿನಲ್ಲಿ ಸಣ್ಣ ವಿಮಾನಗಳು ಬಟ್ಟೆಯ ಬ್ಯಾನರುಗಳನ್ನು ಬಾಲದಂತೆ ಎಳೆದುಕೊಂಡು ಹೋಗುತ್ತವೆ: ಬಿಯರು, ಕಲ್ಲಂಗಡಿ ಸೋಡಾ, ಒಂಬತ್ತು ದಿನದಲ್ಲಿ ಹಲ್ಲು ಬಿಳಿಯಾಗುವ ಪೇಸ್ಟು. ದೊಡ್ಡ ವಿಮಾನಗಳು ಸಮುದ್ರದ ಕಡೆಯಿಂದ ಅದೇ ದಂಡೆಯನ್ನು ಅಡ್ಡ ಹಾಯ್ದು ಇಳಿಯುತ್ತವೆ. ಇವೆರಡರ ನಡುವೆ ಅಂತರ ಕಾಯುವುದು ಟವರಿನವರ ಕೆಲಸ. ಆದರೆ ಹಗಲು ಬೆಳಕಿದ್ದು, "ಎದುರಿನದು ಕಾಣ್ತಿದೆ, ಅಂತರ ನಾನೇ ನೋಡ್ಕೊಳ್ತೀನಿ" ಎಂದು ಪೈಲಟ್ ಒಂದು ಮಾತು ಹೇಳಿಬಿಟ್ಟರೆ, ಆ ಕ್ಷಣದಿಂದ ಅದು ಅವನ ಪಾಲಿಗೆ ಹೋಯಿತು. ಇವಳ ಎದೆಯ ಮೇಲಿನ ಒಂದು ಕಲ್ಲು ಇಳಿಯುತ್ತದೆ. ಕಣ್ಣು ಮುಂದಿನ ವಿಮಾನಕ್ಕೆ ಓಡುತ್ತದೆ. ಕಾಣ್ತಿಲ್ಲ ಎಂದರೆ ಅವನನ್ನು ಭೂಶಿರದ ಆಚೆ ಸುತ್ತು ಹಾಕಿಸಬೇಕು, ಹತ್ತು ನಿಮಿಷವೋ ಇಪ್ಪತ್ತು ನಿಮಿಷವೋ, ಅವನ ಮೇಲೂ ಒಂದು ಕಣ್ಣಿಟ್ಟುಕೊಂಡೇ. ಹೀಗಾಗಿ ಈ ಕರಾವಳಿಯಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಒಂದು ರೂಢಿ ಬೆಳೆದಿತ್ತು. ಬ್ಯಾನರ್ ಪೈಲಟುಗಳು ಕೇಳಿದ ಕೂಡಲೇ ಕಾಣ್ತಿದೆ ಎಂದುಬಿಡುತ್ತಿದ್ದರು, ಆಮೇಲೆ ಹುಡುಕಿಕೊಳ್ಳುತ್ತಿದ್ದರು. ಬಹಳ ಸಲ ಸಿಗುತ್ತಿತ್ತು. ಇದು ಟವರಿನವರಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಪೈಲಟುಗಳಿಗೂ ಗೊತ್ತಿತ್ತು. ಇದನ್ನೊಂದು ಬಗೆಯ ಸ್ನೇಹವೆಂದೇ ಎಲ್ಲರೂ ತಿಳಿದುಕೊಂಡಿದ್ದರು.

ಸ್ಟಾಮೆನ್ ಒಬ್ಬ ಮಾತ್ರ ಹಾಗೆ ಅನ್ನುತ್ತಿರಲಿಲ್ಲ. ಅರವತ್ತಮೂರು ವರ್ಷದ ಮನುಷ್ಯ, ಅರ್ಧ ಆಯುಷ್ಯ ಹೊಲಗಳ ಮೇಲೆ ಔಷಧಿ ಸಿಂಪಡಿಸಿಕೊಂಡು ಹಾರಿದವನು, ಕರೆಂಟಿನ ತಂತಿಗಳ ಕೆಳಗೆ ನುಸುಳಿ ಬದುಕಿದವನು. ತಂತಿ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಅದರಲ್ಲಿ ದಾಕ್ಷಿಣ್ಯದ ಮಾತೇ ಅವನಿಗೆ ತಿಳಿಯದು. ಆಗಸ್ಟ್ ನಾಲ್ಕರಂದು ಅವಳ ಮುಂದೆ ಒಟ್ಟಿಗೆ ಐದು ವಿಮಾನಗಳಿದ್ದವು. ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು.

"ಸಮುದ್ರದ ಕಡೆಯಿಂದ ಒಂದು ದೊಡ್ಡದು ಇಳೀತಿದೆ ಸ್ಟಾಮೆನ್ ಮಾಮ. ಕಾಣ್ತಿದೆಯಾ?"

"ನೋಡ್ತಿದ್ದೀನಿ ತಾಯಿ. ಇನ್ನೂ ಇಲ್ಲ."

"ಈಗ?"

"ಬಿಸಿಲು ಕಣ್ಣಿಗೇ ಹೊಡೀತಿದೆ. ಕಾಣದ್ದನ್ನ ಕಾಣ್ತಿದೆ ಅಂತ ಹೆಂಗೆ ಹೇಳ್ಲಿ?"

ಹಿಂದೆ ವೆಲಿಚ್ಕೊ ಕಿಸಕ್ಕೆಂದ. ಆ ನಗು ಅವಳ ಕತ್ತಿನ ಹಿಂದೆ ಬೆಚ್ಚಗೆ ತಾಗಿತು, ಇನ್ನಷ್ಟು ಬೇಕೆನಿಸಿತು. "ಕನ್ನಡಕ ಮನೇಲಿ ಬಿಟ್ಟು ಬಂದ್ಯಾ ಮಾಮ? ನಮ್ಮಜ್ಜೀದು ಒಂದಿದೆ, ಕಳಿಸ್ಕೊಡ್ಲಾ? ಅವಳು ಹೋಗಿ ಆರು ವರ್ಷ ಆಯ್ತು, ಆದ್ರೂ ನಿನಗಿಂತ ಚೆನ್ನಾಗಿ ಕಾಣುತ್ತೆ ಅವಳಿಗೆ." ರೇಡಿಯೋದಲ್ಲಿ ಯಾರೂ ಬಾಯಿಬಿಟ್ಟು ನಗುವಂತಿಲ್ಲ. ಆದರೆ ಕೇಳಿಸಿಕೊಂಡವರು ಮೈಕಿನ ಗುಂಡಿ ಒತ್ತಿ ಬಿಡುತ್ತಾರೆ, ಹೆಸರಿಲ್ಲದ ಸದ್ದು. ಟಕ್. ಟಕ್ ಟಕ್. ಇಡೀ ಆಕಾಶವೇ ಹಲ್ಲು ಕಡಿದಂತೆ. ಅದಾದ ಮೇಲೆ ಸ್ಟಾಮೆನ್ ಹೇಳಿದ್ದು ಎರಡೇ ಮಾತು: "ಸರಿ ತಾಯಿ." ಅವನನ್ನು ಅವಳು ಇಪ್ಪತ್ತೆರಡು ನಿಮಿಷ ಭೂಶಿರದ ಆಚೆ ಸುತ್ತಿಸಿದಳು. ಹತ್ತು ಸಾಕಾಗಿತ್ತು.

ಈಗ ಗಾಜಿನ ಮೇಲೆ ಒಂದು ನೊಣ ಹತ್ತುತ್ತಿತ್ತು. ದೂರದಲ್ಲಿ ಇಳಿಯುತ್ತಿದ್ದ ವಿಮಾನದ ಗಾತ್ರದ್ದೇ ನೊಣ. ಅವಳು ಬೆರಳಿಂದ ಅದನ್ನು ಓಡಿಸಿದಳು, ವಿಮಾನ ಉಳಿಯಿತು. ಆಗಸ್ಟ್ ಐದನೇ ತಾರೀಕು ಸ್ಟಾಮೆನ್ ಪ್ರಶ್ನೆ ಮುಗಿಯುವ ಮೊದಲೇ "ಕಾಣ್ತಿದೆ, ಕಾಣ್ತಿದೆ" ಎಂದಿದ್ದ. ಆರನೇ ತಾರೀಕೂ ಹಾಗೆಯೇ. ಆ ಅವಸರದಲ್ಲೇ ಗೊತ್ತಾಗಿತ್ತು ಅವಳಿಗೆ, ಅವನಿಗೆ ಕಾಣುತ್ತಿಲ್ಲವೆಂದು. ಗೊತ್ತಾಗಿ ಏನೆನಿಸಿತ್ತು? ಹಿತವೆನಿಸಿತ್ತು. ಹಠಮಾರಿ ಮುದುಕ ಕೊನೆಗೂ ದಾರಿಗೆ ಬಂದ, ತರಿಸಿದ್ದು ತಾನೇ ಎಂಬಂಥ ಹಿತ. ಏಳನೆಯ ತಾರೀಕಿನ ಮಧ್ಯಾಹ್ನ ಅವನು ಕಾಣ್ತಿದೆ ಎಂದ, ಅಂತರ ನಾನೇ ನೋಡ್ಕೊಳ್ತೀನಿ ಎಂದ, ಅವಳು ಕಣ್ಣು ಬೇರೆ ಕಡೆ ಹೊರಳಿಸಿದಳು. ಮತ್ತೆ ನೋಡಿದಾಗ ಇಳಿಯುವ ವಿಮಾನದ ಹೊಟ್ಟೆಯಡಿಯಲ್ಲಿ, ಎಷ್ಟೋ ಹತ್ತಿರದಲ್ಲಿ, ಆ ಪುಟ್ಟ ವಿಮಾನ ಬ್ಯಾನರು ಕಳಚಿಕೊಂಡು ಒಂದು ಪಕ್ಕಕ್ಕೆ ಮಗುಚುತ್ತಿತ್ತು. ರೆಕ್ಕೆಯ ತುದಿ ನೀರಿಗೆ ತಾಗಿತು. ಸದ್ದೇ ಇರಲಿಲ್ಲ. ಗಾಜಿನೊಳಗೆ ಯಾವ ಸದ್ದೂ ಬರುವುದಿಲ್ಲ. ದೊಡ್ಡ ವಿಮಾನದಲ್ಲಿದ್ದ ನೂರೆಂಬತ್ತು ಜನಕ್ಕೆ ಏನೂ ಗೊತ್ತಾಗಲಿಲ್ಲ. ಚಕ್ರ ನೆಲ ಮುಟ್ಟಿದಾಗ ಎಂದಿನಂತೆ ಚಪ್ಪಾಳೆ ತಟ್ಟಿದರಂತೆ. ಬ್ಯಾನರಿನ ಕೆಂಪು ಬಟ್ಟೆಯ ಅಕ್ಷರಗಳು ಒಂದೊಂದಾಗಿ ದಡಕ್ಕೆ ಬಂದವು. ಮರುದಿನ ಒಬ್ಬ ಹೆಂಗಸು ಅದರಲ್ಲೊಂದನ್ನು ಎರಡು ಕೋಲಿಗೆ ಕಟ್ಟಿ ನೆರಳು ಮಾಡಿಕೊಂಡು ಕಲ್ಲಂಗಡಿ ತಿನ್ನುತ್ತ ಕೂತಿದ್ದಳು. ಸ್ನೆಜಿನಾ ಬಸ್ಸಿನಿಂದ ನೋಡಿದಳು. ಕೊಳ್ಳದೇ ಸಿಕ್ಕಿದ ನೆರಳು, ಯಾರು ಬಿಟ್ಟಾರು.

ಸ್ಟಾಮೆನ್ ಉಳಿದ. ಸೊಂಟ ಮುರಿದಿತ್ತು, ಪಕ್ಕೆಲುಬು ಮುರಿದಿದ್ದವು, ಎಡಗಣ್ಣು ಹೋಗಿತ್ತು. ಅವಳು ಪೀಚ್ ಹಣ್ಣಿನ ಚೀಲ ಹಿಡಿದು ಆಸ್ಪತ್ರೆಗೆ ಹೋದಾಗ ಅವನು ಉಳಿದ ಕಣ್ಣಲ್ಲಿ ಅವಳನ್ನು ಬಹಳ ಹೊತ್ತು ನೋಡಿ, "ಕನ್ನಡಕ ತಂದ್ಯಾ?" ಎಂದ. ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ಅವಳು ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಕೂತ್ಕೊ. ಬೈಯಲ್ಲ ನಾನು. ಕಾಣದೇನೇ ಕಾಣ್ತಿದೆ ಅಂದೆ, ಅದು ನಂದೇ. ಅದನ್ನ ನಿನ್ನ ತಲೆಗೆ ಕಟ್ಟಲ್ಲ."

"ಮಾಮ..."

"ಕೇಳು. ಯಾಕೆ ಹಂಗಂದೆ ಅನ್ನೋದೂ ವಿಚಾರಣೆಯವರ ಕಾಗದದಲ್ಲಿ ಇರ್ಲಿ. ಮೂವತ್ತೆಂಟು ವರ್ಷದಲ್ಲಿ ಮೂರೇ ದಿನ ಸುಳ್ಳು ಹೇಳಿದ್ದೀನಿ, ಮುದುಕನಿಗೆ ಕಣ್ಣು ಮಂಜಾಗಿತ್ತು ಅಂತ ಬರ್ದು ಮುಗಿಸ್ತಾರೆ. ಮಂಜಾಗಿರ್ಲಿಲ್ಲ. ನಾಚಿಕೆ ಆಗಿತ್ತು. ನಾಕನೇ ತಾರೀಕು ನೀನಂದದ್ದು, ಉಳಿದ ಪೈಲಟುಗಳೆಲ್ಲ ಟಕ್ ಟಕ್ ಅಂದದ್ದು, ಅದನ್ನ ಅವರು ಒಂದು ಸಲ ಕೇಳ್ಲಿ. ಅಷ್ಟೇ."

"ತೆಗೆಸಿಡ್ತೀನಿ."

"ಮಾತು ಕೊಟ್ಟೆಯಾ?"

"ಕೊಟ್ಟೆ," ಎಂದಳು. ಹೊರಗೆ ಬಂದು ಬಸ್ಸು ಕಾಯುವಾಗ ಹೊಳೆಯಿತು: ಕೂತಲ್ಲಿಂದಲೇ ಕೂಗಿದ್ದಳು.

ಮಾರನೆಯ ವಾರ ರಾಜಧಾನಿಯಿಂದ ಬಂದ ಮೂವರು ಏಳನೆಯ ತಾರೀಕಿನ ಮುದ್ರಿಕೆಯನ್ನಷ್ಟೇ ಮುಂದಿಟ್ಟುಕೊಂಡು ಕೂತರು. ಕಾಣುತ್ತಿದೆ ಎಂದು ಅವರು ಹೇಳಿದಾಗ ಅನುಮಾನ ಪಡಲು ನಿಮಗೇನಾದರೂ ಕಾರಣವಿತ್ತೇ? ಅವಳ ಬಾಯಿ ಒಣಗಿತ್ತು. ನೀರಿನ ಲೋಟ ಅವರ ಬದಿಯಲ್ಲಿತ್ತು, ಕೇಳುವುದಕ್ಕೆ ಸಂಕೋಚವಾಯಿತು. "ಇಲ್ಲ," ಎಂದಳು. ಹಾಗೆ ಎಂದದ್ದು ಭಯಕ್ಕೋ, ಬೇಗ ಎದ್ದು ಹೋಗಿ ನೀರು ಕುಡಿಯಬಹುದೆಂದೋ, ಈಗಲೂ ಖಚಿತವಿಲ್ಲ. ಅವರಲ್ಲೊಬ್ಬ ನರೆಗೂದಲಿನವನು ಕಡತ ಮುಚ್ಚುತ್ತ, ನಿಮ್ಮ ಉಚ್ಚಾರ ಬಹಳ ಸ್ಪಷ್ಟ, ಎಲ್ಲರೂ ಹೀಗೆ ಮಾತಾಡಿದರೆ ನಮ್ಮ ಕೆಲಸ ಹಗುರ ಎಂದು ಮೆಚ್ಚಿಕೊಂಡ. ಅವಳು ಥ್ಯಾಂಕ್ಸ್ ಹೇಳಿದ್ದಳು. ಆ ಥ್ಯಾಂಕ್ಸ್ ಇಂದಿಗೂ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಇತ್ತು, ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಹನ್ನೆರಡೂವರೆಗೆ ಸ್ಟಾಮೆನನ ಜಾಗಕ್ಕೆ ಬಂದಿದ್ದ ಲ್ಯುಬೆನ್ ಸೋಡಾದ ಬ್ಯಾನರು ಎಳೆದುಕೊಂಡು ದಕ್ಷಿಣದಿಂದ ಬಂದ. ಸಮುದ್ರದ ಕಡೆಯಿಂದ ಒಂದು ವಿಮಾನ ಇಳಿಯುತ್ತಿತ್ತು. ಅವಳು ಬಾಯಿ ತೆರೆದು ಇನ್ನೂ ಅರ್ಧ ಕೇಳಿರಲಿಲ್ಲ.

"ಕಾಣ್ತಿದೆ ಮೇಡಂ, ಅಂತರ ನಾನೇ ನೋಡ್ಕೊಳ್ತೀನಿ."

ಕಲ್ಲು ಇಳಿಯಲು ಸಿದ್ಧವಾಗಿತ್ತು. ಕಣ್ಣು ಆಗಲೇ ಮುಂದಿನದರ ಕಡೆಗೆ ಹೊರಳತೊಡಗಿತ್ತು. ಅಷ್ಟರಲ್ಲಿ ಬಾಯಿ ತಾನಾಗಿ ಕೇಳಿತು: "ಬಾಲದ ಬಣ್ಣ ಯಾವುದು?"

"ಏನಂದ್ರಿ?"

"ನಿಂಗೆ ಕಾಣ್ತಿರೋ ವಿಮಾನದ ಬಾಲ ಯಾವ ಬಣ್ಣ ಲ್ಯುಬೆನ್?"

ಹಿಂದೆ ವೆಲಿಚ್ಕೊ ಬೀಜ ಕಚ್ಚುವ ಸದ್ದು ನಿಂತಿತು. "ಬಿಳಿ ಇರ್ಬೇಕು," ಎಂದ ಅವನು. ಅದು ಹಸಿರಾಗಿತ್ತು. ಅಷ್ಟು ಹಸಿರು ಬಾಲವನ್ನು ಅವಳು ಆ ಬೇಸಿಗೆಯಲ್ಲಿ ನೋಡಿರಲಿಲ್ಲ.

"ಕಾಣ್ತಿಲ್ಲ ಅನ್ನು."

"ಮೇಡಂ, ಈಗ ಸಿಗುತ್ತೆ, ಒಂದು ನಿಮಿಷ..."

"ಬಾಯಿಬಿಟ್ಟು ಅನ್ನು. ಯಾರೂ ನಗಲ್ಲ."

"ಕಾಣ್ತಿಲ್ಲ."

ಟಕ್, ಎಂದಿತು ಎಲ್ಲೋ ಒಂದು ಮೈಕು. ಅವಳು ಲ್ಯುಬೆನನನ್ನು ಭೂಶಿರದ ಆಚೆಗೆ ಕಳಿಸಿದಳು, ಸರಿಯಾಗಿ ಒಂಬತ್ತು ನಿಮಿಷ ಸುತ್ತಿಸಿದಳು, ಅಷ್ಟು ಹೊತ್ತೂ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಆ ಟಕ್ ಯಾರದೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ತಿಳಿಯದಂತಿರುವುದೇ ಅದರ ಸುಖ. ನಾಲ್ಕನೆಯ ತಾರೀಕು ಗುಂಡಿ ಒತ್ತಿದವರು ಯಾರೂ ಆಸ್ಪತ್ರೆಗೆ ಪೀಚ್ ಹಣ್ಣು ಒಯ್ದಿರಲಿಲ್ಲ. ಅವರಿಗೆ ಹೆಸರಿರಲಿಲ್ಲ, ಹಾಗಾಗಿ ಒಯ್ಯುವ ಕಾರಣವೂ ಇರಲಿಲ್ಲ.

ಮೂರೂವರೆಗೆ ಪಾಳಿ ಮುಗಿಯಿತು. ವೆಲಿಚ್ಕೊ ಅವಳ ಹಿಂದೆಯೇ ಮೆಟ್ಟಿಲಿಗೆ ಬಂದ. "ಏನದು, ಮೇಲೆ ಪರೀಕ್ಷೆ ನಡೆಸ್ತಿದ್ದೆ? ನಾಳೆಯಿಂದ ರೆಕ್ಕೆ ಎಷ್ಟು ಅಂತ ಕೇಳ್ತೀಯ, ಪೈಲಟ್ ಹೆಂಡ್ತಿ ಹೆಸರು ಕೇಳ್ತೀಯ. ಹಿಂಗಾದ್ರೆ ಆಕಾಶದಲ್ಲಿ ಸಂತೆ ಸೇರುತ್ತೆ." ಅವಳು ಹಾಳೆ ಬಿಡಿಸಿ ಅವನ ಮುಂದೆ ಹಿಡಿದಳು. ಅವನು ಓದಿದ. ಸಣ್ಣ ಕಿಟಕಿಯಿಂದ ಬಂದ ಬಿಸಿಲು ಕಾಗದದ ಸವೆದ ಮಡಿಕೆಯ ಮೂಲಕ ಅವನ ಗಲ್ಲದ ಮೇಲೆ ಒಂದು ಗೆರೆ ಎಳೆದಿತ್ತು.

"ಅದರಲ್ಲಿ ನನ್ನ ನಗೂನೂ ಇದೆ ಅಲ್ವಾ?"

"ಇದೆ."

"ಕೇಳ್ಸುತ್ತಾ?"

"ಚೆನ್ನಾಗೇ ಕೇಳ್ಸುತ್ತೆ."

ಅವನು ಜೇಬಿನಿಂದ ಬೀಜ ತೆಗೆದು, ತಿನ್ನದೆ ಮತ್ತೆ ಜೇಬಿಗೇ ಹಾಕಿದ. "ನೋಡು ಸ್ನೆಜಿನಾ. ಅವನು ಕಾಣ್ತಿದೆ ಅಂದ. ಅಂದ ಮೇಲೆ ಅವನದಾಯ್ತು. ನಿಯಮಾನೇ ಹಂಗಿದೆ, ನೀನು ಮಾಡಿದ್ದಲ್ಲ, ನಾನು ಮಾಡಿದ್ದಲ್ಲ. ಇದನ್ನ ಕೊಟ್ರೆ ಸಮಿತಿ ಮುಂದೆ ನೀನು ಇಲ್ಲ ಅಂದದ್ದು ಸುಳ್ಳಾಗುತ್ತೆ. ನಿನ್ನ ಮೈಕು ಹೋಗುತ್ತೆ. ಅವನ ಕಣ್ಣು ಬರುತ್ತಾ?"

"ಬರಲ್ಲ."

"ಮತ್ತೆ?"

ಹನ್ನೊಂದು ವರ್ಷ ಮೇಲೆ ಕೂತು ಗಾಜಿನಾಚೆ ನೋಡಿದ್ದಳು, ಬೇರೆ ಕೆಲಸ ಬರುತ್ತಿರಲಿಲ್ಲ. ವೆಲಿಚ್ಕೊ ಹಾಳೆಯನ್ನು ಅವಳಿಗೇ ಹಿಂದಿರುಗಿಸಿದ. "ನಾನು ಬೇಡ ಅನ್ನಲ್ಲ. ಕೊಡು ಅಂತಾನೂ ಅನ್ನಲ್ಲ. ನಾನಿದನ್ನ ನೋಡೇ ಇಲ್ಲ." ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಐವತ್ತೈದರ ದಪ್ಪ ಮನುಷ್ಯ, ಎಷ್ಟು ಚುರುಕಾಗಿ ಹತ್ತುತ್ತಾನೆ ಎಂದುಕೊಂಡಳು. ಒಬ್ಬ ಕಾಣದ್ದನ್ನು ಕಂಡೆ ಎಂದ. ಇನ್ನೊಬ್ಬ ಕಂಡದ್ದನ್ನು ಕಾಣಲಿಲ್ಲ ಎನ್ನುತ್ತಾನೆ. ಇವನಿಗೆ ಏನೂ ಮುರಿಯುವುದಿಲ್ಲ.

ಕೆಳಗಿನ ಕಚೇರಿಗೆ ಹೋಗುವ ಓಣಿಯಲ್ಲಿ ನೆಲ ಒರೆಸಿದ್ದರು. ಒದ್ದೆಯ ಮೇಲೆ ಕಾಲಿಡದಂತೆ ಗೋಡೆ ಹಿಡಿದು ನಡೆಯುತ್ತ, ಹೀಗೆ ನಿಧಾನಿಸಿದ್ದು ಕೂಡ ತನ್ನದೇ ಒಂದು ಉಪಾಯವೇನೋ ಎಂದು ಅನುಮಾನವಾಯಿತು. ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು. ದಾಖಲೆಗಳ ಗುಮಾಸ್ತೆ ಟೋನ್ಕಾ ಕಾಗದದ ಮೇಲೆ ಗಿಣ್ಣು ತುಂಬಿದ ಬಾನಿತ್ಸಾ ರೊಟ್ಟಿ ಇಟ್ಟುಕೊಂಡು ಪದರ ಪದರವಾಗಿ ಬಿಡಿಸಿ ತಿನ್ನುತ್ತಿದ್ದಳು. ಬೆರಳೆಲ್ಲ ಎಣ್ಣೆ, ತುಟಿಯ ಮೇಲೆ ಗಿಣ್ಣಿನ ಚೂರು. ಹಾಳೆ ನೋಡಿ ಗಲ್ಲದಿಂದಲೇ ಮೇಜಿನ ತುದಿ ತೋರಿಸಿದಳು.

"ಟ್ರೇಗೆ ಹಾಕಿ ಹೋಗಮ್ಮ. ಬೆಳಿಗ್ಗೆ ನೋಡ್ತೀನಿ."

ಸ್ನೆಜಿನಾ ಟ್ರೇಗೆ ಹಾಕಿದಳು. ಎಷ್ಟು ಸುಲಭವಾಗಿತ್ತು. ಹಾಳೆ ಬಿದ್ದ ಸದ್ದೂ ಆಗಲಿಲ್ಲ. ಕೊಟ್ಟದ್ದು ಕೊಟ್ಟಂತಾಯಿತು. ಬೆಳಿಗ್ಗೆ ಟೋನ್ಕಾ ನೋಡುವ ಹೊತ್ತಿಗೆ ನಾಲ್ಕನೆಯ ತಾರೀಕು ಇರುವುದಿಲ್ಲ, ಆದರೆ ಅದು ಟೋನ್ಕಾಳ ಪಾಲಿಗೆ. ಸ್ಟಾಮೆನನ ಹತ್ತಿರ ಹೋಗಿ, ಕೊಟ್ಟಿದ್ದೆ ಮಾಮ, ಅವರು ತಡ ಮಾಡಿದರು ಎನ್ನಬಹುದು, ಅದು ಸುಳ್ಳೂ ಅಲ್ಲ. ಅವನು ಸರಿ ತಾಯಿ ಎನ್ನುತ್ತಾನೆ. ಬಾಗಿಲ ತನಕ ಬಂದಳು. ಹಿಡಿಕೆ ತಣ್ಣಗಿತ್ತು. ಸರಿ ತಾಯಿ. ಆ ಎರಡು ಮಾತನ್ನು ಇನ್ನೊಮ್ಮೆ ಕೇಳುವ ಶಕ್ತಿ ತನಗಿಲ್ಲವೆಂಬುದೊಂದೇ ಆ ಹೊತ್ತಿಗೆ ಅವಳಿಗೆ ಗೊತ್ತಿದ್ದದ್ದು. ಅದರಲ್ಲಿ ಧೈರ್ಯವೇನೂ ಇರಲಿಲ್ಲ. ತಿರುಗಿ ಬಂದು ಹಾಳೆಯನ್ನು ಟ್ರೇಯಿಂದ ಎತ್ತಿಕೊಂಡಳು.

"ಕೈಗೆ ತಗೊಳ್ಳಿ ಟೋನ್ಕಾ ಅಕ್ಕ."

"ಕೈಯೆಲ್ಲ ಎಣ್ಣೆ ಕಣೇ."

"ಒರೆಸ್ಕೊಳ್ಳಿ. ಕಾಯ್ತೀನಿ."

ಟೋನ್ಕಾ ಅವಳ ಮುಖ ನೋಡಿದಳು, ಗಡಿಯಾರ ನೋಡಿದಳು. ಮೇಜಿನ ಖಾನೆ ಎಳೆದು ಬಟ್ಟೆ ತೆಗೆದು ಒಂದೊಂದೇ ಬೆರಳು ಒರೆಸಿಕೊಂಡಳು, ಉಗುರಿನ ಸಂದಿಯನ್ನೂ ಬಿಡದೆ, ಬೇಕೆಂದೇ ನಿಧಾನವಾಗಿ. "ನಿಮ್ಮ ಪಾಳಿಯವರಿಗೆಲ್ಲ ಕೊನೇ ಗಳಿಗೇಲೇ ಜ್ಞಾನೋದಯ," ಎಂದು ಗೊಣಗಿ ಕೈ ಚಾಚಿದಳು. ಹಾಳೆಯ ಆ ತುದಿ ಅವಳ ಬೆರಳಿಗೆ ಸಿಕ್ಕಿತು. ಈ ತುದಿ ಸ್ನೆಜಿನಾಳ ಕೈಯಲ್ಲೇ ಇತ್ತು. ಎದುರಿನ ಹಿಡಿತ ಕಾಗದದ ಮೂಲಕ ಬಂದು ತಾಗಿತು, ಸಣ್ಣ ಎಳೆತ, ಗಾಳಿಗೆ ಒಣಹಾಕಿದ ಬಟ್ಟೆಯದಷ್ಟು.

"ಬಿಡಮ್ಮ, ಹರಿದುಹೋಗುತ್ತೆ."

ಬಿಟ್ಟಳು.

ಟೋನ್ಕಾ ಕನ್ನಡಕ ಏರಿಸಿ ನಾಲ್ಕು ಸಾಲು ಓದಿದಳು. ನಡುವೆ ಒಮ್ಮೆ ತಲೆಯೆತ್ತಿದಳು. "ಇದು ಆ ಬ್ಯಾನರಿನವನ ವಿಷಯಾನಾ? ತಪ್ಪು ಅವನದೇ ಅಂತ ಆಗಲೇ ಮುಗೀತಲ್ಲ. ಮತ್ಯಾರದು?"

"ಮೊದಲು ಆ ದಿನಕ್ಕೆ ಬೀಗ ಹಾಕಿ, ಅಳಿಸಿಹೋಗದಂತೆ," ಎಂದಳು ಸ್ನೆಜಿನಾ.

ಟೋನ್ಕಾ ಯಂತ್ರದ ಕಡೆಗೆ ಕುರ್ಚಿ ತಿರುಗಿಸಿಕೊಂಡು ತಾರೀಕು ಒತ್ತಿದಳು. ದಿನಕ್ಕೊಂದರಂತೆ ಸಾಲಾಗಿ ಉರಿಯುತ್ತಿದ್ದ ಮೂವತ್ತು ಹಸಿರು ದೀಪಗಳಲ್ಲಿ, ಎಡಗಡೆಯ ಕೊನೆಯದು ಬೀಗ ಬಿದ್ದು ಕೆಂಪಾಯಿತು.